ಬೆಳ್ಳಕ್ಕಿಗೆ ಸುಣ್ಣ ಬಳಿಯೋದು ಬೇಡ

ಬಾಗಲಕೋಟೆಯಲ್ಲಿ ಓದೋ ನಮಗೆ ಬೆಳ್ಳಕ್ಕಿ ಅಂದ್ರೆ ಏನೂ ವಿಶೇಷ ಅಲ್ಲ. ಹಿನ್ನೀರಿನ ದಂಡೆಗೆ ಹೋದ್ರೂ ಕಾಣ್ತದೆ, ಹುನಗುಂದ ಬಸ್ಸಿನ ಕಿಟಕಿಯಿಂದ ನೋಡಿದ್ರೂ ಕಾಣ್ತದೆ. ಆದ್ರೆ ಅದರ ಫೋಟೋ ತೆಗೆದು ಝೂಮ್ ಮಾಡಿ ನೋಡಿ. ಬಹಳ ಸಲ ಹಕ್ಕಿ ಇದ್ದ ಜಾಗದಲ್ಲಿ ಬಿಳಿ ಪೇಪರ್ ಕತ್ತರಿಸಿ ಅಂಟಿಸಿದ ಹಾಗೆ ಒಂದು ಆಕಾರ ಇರ್ತದೆ, ಅಷ್ಟೇ. ಗರಿ ಇಲ್ಲ, ರೆಕ್ಕೆಯ ಮಡಿಕೆ ಇಲ್ಲ, ಸುಣ್ಣ ಬಳಿದ ಹಾಗೆ. ಕ್ಯಾಮೆರಾ ದುಬಾರಿ ಇದ್ರೂ ಹಿಂಗೇ ಆಗಬಹುದು. ಯಾಕೆ ಅಂತ ನಮ್ಮ ಸುತ್ತಲಿನ ಜಾಗಗಳನ್ನೇ ಇಟ್ಟುಕೊಂಡು ನೋಡೋಣ.

ಕ್ಯಾಮೆರಾ ಏನು ಅಂದ್ಕೊಂಡಿರ್ತದೆ?

ಕ್ಯಾಮೆರಾದ ಮೀಟರ್ ಅಳೆಯೋದು ವಸ್ತುವಿನಿಂದ ವಾಪಸ್ ಬರೋ ಬೆಳಕನ್ನು. ಎದುರಿಗೆ ಇರೋದು ಬೆಳ್ಳಕ್ಕಿಯೋ ಎಮ್ಮೆಯೋ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಅದು ಒಂದು ಅಂದಾಜು ಮಾಡಿಕೊಳ್ತದೆ: ಜಗತ್ತು ಸರಾಸರಿಯಲ್ಲಿ ಮಧ್ಯಮ ಬೂದು ಬಣ್ಣದ್ದು. ಫೋಟೋಗ್ರಫಿ ಪುಸ್ತಕಗಳಲ್ಲಿ ಇದನ್ನು 18% ಬೂದು ಅಂತಾರೆ, ಅಂದ್ರೆ ಬಿದ್ದ ಬೆಳಕಿನಲ್ಲಿ 18% ವಾಪಸ್ ಕಳಿಸೋ ಬಣ್ಣ. ಅಚ್ಚ ಬಿಳಿ ವಸ್ತು ಸುಮಾರು 90% ವಾಪಸ್ ಕಳಿಸ್ತದೆ. 90ನ್ನು 18ರಿಂದ ಭಾಗಿಸಿದ್ರೆ 5 ಪಟ್ಟು. ಒಂದು ಸ್ಟಾಪ್ ಅಂದ್ರೆ ಬೆಳಕು ಎರಡು ಪಟ್ಟು ಆಗೋದು, ಆದ್ದರಿಂದ ಬಿಳಿಗೂ ಮಧ್ಯಮ ಬೂದಿಗೂ ನಡುವೆ ಸುಮಾರು 2.3 ಸ್ಟಾಪ್ ಅಂತರ. ನಮ್ಮ ಕಷ್ಟವೆಲ್ಲ ಈ ಅಂತರದಲ್ಲೇ ಇದೆ.

ಸೆನ್ಸರ್‌ನ ಪ್ರತಿ ಪಿಕ್ಸೆಲ್ ಒಂದು ಕೊಡ ಇದ್ದ ಹಾಗೆ. ಬೆಳಕು ಬಿದ್ದಂತೆ ತುಂಬ್ತದೆ, ತುಂಬಿದ ಮೇಲೆ ಚೆಲ್ಲಿಹೋಗ್ತದೆ. ಎಲೆಕ್ಟ್ರಾನಿಕ್ಸ್ ಲ್ಯಾಬ್‌ನಲ್ಲಿ ಆಪ್‌-ಆ್ಯಂಪ್ ಔಟ್‌ಪುಟ್ ಸಪ್ಲೈ ವೋಲ್ಟೇಜ್‌ಗೆ ಬಡಿದು ಚಪ್ಪಟೆ ಆಗೋದನ್ನು ನೋಡಿದ್ದೀವಲ್ಲ, ಇಲ್ಲಿ ಆಗೋದೂ ಅದೇ ಕ್ಲಿಪ್ಪಿಂಗ್. ಜೆಪೆಗ್ ಫೈಲ್‌ನಲ್ಲಿ ಆ ಜಾಗ ಪೂರ್ತಿ 255 ಆಗಿ ಕೂತಿರ್ತದೆ. ಕತ್ತಲೆ ಭಾಗವನ್ನು ಆಮೇಲೆ ಎಡಿಟಿಂಗ್‌ನಲ್ಲಿ ಎತ್ತಬಹುದು, ಸ್ವಲ್ಪ ನಾಯ್ಸ್ ಬರ್ತದೆ ಅಷ್ಟೇ. ಆದ್ರೆ ಚೆಲ್ಲಿಹೋದ ಬಿಳಿಯನ್ನು ಯಾವ ಸಾಫ್ಟ್‌ವೇರೂ ವಾಪಸ್ ತರೋದಿಲ್ಲ. 12 ಅಥವಾ 14 ಬಿಟ್‌ನ ರಾ ಫೈಲ್ ಸ್ವಲ್ಪ ಜಾಗ ಕೊಡ್ತದೆ, ಆದ್ರೆ ಸೆನ್ಸರ್ ಕೊಡವೇ ತುಂಬಿದ ಮೇಲೆ ರಾ ಕೂಡ ಏನೂ ಮಾಡಲಾರದು.

ಹುನಗುಂದದ ಎರಿ ಹೊಲ

ಟ್ರ್ಯಾಕ್ಟರ್ ರಂಟಿ ಹೊಡೆಯುವಾಗ ಹಿಂದೆ ಹಿಂದೆ ಬೆಳ್ಳಕ್ಕಿಗಳ ಸಾಲು ಬರ್ತದೆ, ಮಣ್ಣಿನಿಂದ ಮೇಲೆದ್ದ ಹುಳ ಹಿಡಿಯೋಕೆ. ಕರಿ ಮಣ್ಣು, ಬಿಳಿ ಹಕ್ಕಿ. ನೋಡೋಕೆ ಚಂದ, ಮೀಟರ್‌ಗೆ ಮಾತ್ರ ಕಠಿಣ ಪರೀಕ್ಷೆ. ಫ್ರೇಮ್‌ನ ಬಹುಪಾಲು ಕಪ್ಪು ಇರೋದರಿಂದ ಕ್ಯಾಮೆರಾ ಎರಿ ಮಣ್ಣನ್ನು ಬೂದು ಮಾಡೋಕೆ ಹೊರಡ್ತದೆ, ಬೆಳಕು ಜಾಸ್ತಿ ಒಳಗೆ ಬಿಡ್ತದೆ. ಮಣ್ಣು ಬೂದಾಗ್ತದೆ, ಹಕ್ಕಿ ಸುಣ್ಣ ಆಗ್ತದೆ. ಇಲ್ಲಿ ಎಕ್ಸ್‌ಪೋಷರ್ ಕಾಂಪೆನ್ಸೇಶನ್ ಮೈನಸ್ ಕಡೆ ಹೋಗಬೇಕು: -1ರಿಂದ ಶುರು ಮಾಡಿ, ಹಕ್ಕಿ ಚಿಕ್ಕದಾಗಿ ಕಂಡಷ್ಟೂ -2ರ ತನಕ. ಮೊಬೈಲ್ ಇದ್ರೆ ಹಕ್ಕಿ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಬರೋ ಸೂರ್ಯನ ಗುರುತನ್ನು ಕೆಳಗೆ ಎಳೀರಿ. ಫೋಟೋ ಸ್ವಲ್ಪ ಕತ್ತಲೆ ಕಂಡ್ರೂ ಚಿಂತೆ ಬೇಡ, ಎರಿ ಮಣ್ಣು ಇರೋದೇ ಕಪ್ಪು.

ಹಿನ್ನೀರಿನಲ್ಲಿ ಉಲ್ಟಾ

ಆಲಮಟ್ಟಿ ಹಿನ್ನೀರು ಬಾಗಲಕೋಟೆ, ಬೀಳಗಿ ಕಡೆ ಹರಡಿಕೊಂಡಿರೋ ಜಾಗಕ್ಕೆ ಚಳಿಗಾಲದಲ್ಲಿ ರಾಜಹಂಸ, ಅಂದ್ರೆ ಫ್ಲೆಮಿಂಗೋಗಳು ಬರ್ತವೆ. ಇಲ್ಲಿ ನೀರೂ ಹೊಳೀತದೆ, ಆಕಾಶವೂ ಹೊಳೀತದೆ, ಹಕ್ಕಿಯೂ ಬಿಳಿ. ಈಗ ಮೀಟರ್ ಇಡೀ ಬೆಳ್ಳಗಿನ ದೃಶ್ಯವನ್ನೇ ಬೂದು ಮಾಡ್ತದೆ. ಹಕ್ಕಿಗಳು ಬೂದಿಯಲ್ಲಿ ಹೊರಳಿದ ಹಾಗೆ ಕಾಣ್ತವೆ. ಇಲ್ಲಿ +1ರ ಆಸುಪಾಸು ಬೇಕು. ಆದ್ರೆ ಸ್ವಲ್ಪ ಸ್ವಲ್ಪವೇ ಏರಿಸಿ. ರಾಜಹಂಸದ ರೆಕ್ಕೆಯಲ್ಲಿ ಗುಲಾಬಿ ಇದೆ, ಬೆಳಗಿನ ಬಿಸಿಲು ಬೇರೆ ಹಳದಿ. ಎರಡೂ ಸೇರಿದ್ರೆ ಕೆಂಪು ಚಾನೆಲ್ ಎಲ್ಲಕ್ಕಿಂತ ಮೊದಲು ತುಂಬ್ತದೆ. ಆದ್ದರಿಂದ ಬರೀ ಬಿಳಿ ಹಿಸ್ಟೋಗ್ರಾಂ ನೋಡದೆ ಆರ್‌ಜಿಬಿ ಹಿಸ್ಟೋಗ್ರಾಂ ನೋಡ್ರಿ. ಯಾವ ಬಣ್ಣದ ಗೆರೆಯೂ ಬಲಗಡೆ ಗೋಡೆಗೆ ಬಡಿಯಬಾರದು, ಗೋಡೆ ಹತ್ತಿರ ನಿಂತ್ರೆ ಸಾಕು. ಹೊತ್ತು ಏರಿದ ಮೇಲೆ ನೀರಿನ ಮೇಲಿನ ಬಿಸಿಗಾಳಿ ಚಿತ್ರವನ್ನು ಅಲುಗಿಸ್ತದೆ, ಆಗ ಎಂಥ ಲೆನ್ಸ್ ಇದ್ರೂ ಪ್ರಯೋಜನ ಇಲ್ಲ. ಬೆಳಗ್ಗೆ ಬೇಗ ಹೋಗೋದೇ ಒಳ್ಳೇದು.

ಬಾದಾಮಿಯ ಕೆಂಪು

ಬಾದಾಮಿಯಲ್ಲಿ ಬೇರೆಯೇ ಕಥೆ. ಅಗಸ್ತ್ಯ ತೀರ್ಥದ ಸುತ್ತ ಮರಳುಗಲ್ಲಿನ ಕೆಂಪು ಬಂಡೆಗಳು. ಬಿಸಿಲು ಆ ಬಂಡೆಗೆ ಬಡಿದು ಬಂದ್ರೆ ನೆರಳಲ್ಲಿ ಕೂತ ಬಿಳಿ ಹಕ್ಕಿಯ ಹೊಟ್ಟೆಗೂ ಕೆಂಪು ಛಾಯೆ ಬರ್ತದೆ. ಆಟೋ ವೈಟ್ ಬ್ಯಾಲೆನ್ಸ್ ಒಂದೊಂದು ಫೋಟೋಗೆ ಒಂದೊಂದು ಬಣ್ಣ ಕೊಡಬಹುದು. ರಾದಲ್ಲಿ ತೆಗೆದ್ರೆ ಇದನ್ನು ಆಮೇಲೆ ಸರಿ ಮಾಡಬಹುದು, ಆದ್ರೆ ಕೆಂಪನ್ನು ಪೂರ್ತಿ ಒರೆಸಬೇಡಿ. ಅದು ಬಾದಾಮಿಯದೇ ಬೆಳಕು. ಅಲ್ಲಿನ ಮುಸಿಯಗಳದ್ದು ಇನ್ನೊಂದು ಪೇಚು: ಮೈ ತಿಳಿ ಬೂದು, ಮುಖ ಕಡುಗಪ್ಪು. ಮುಖಕ್ಕೆ ಮೀಟರ್ ಮಾಡಿದ್ರೆ ಮೈ ಕೂದಲು ಹೋಯ್ತು. ಕೂದಲು ಉಳಿಯೋ ಹಾಗೆ ತೆಗೆದು, ಮುಖವನ್ನು ಎಡಿಟಿಂಗ್‌ನಲ್ಲಿ ಎತ್ತೋದೇ ಸರಿ.

ಹಕ್ಕಿ ಹಾರಿದಾಗ

ಈಗ ಮುಖ್ಯ ವಿಷಯ. ಎರಿ ಹೊಲದಲ್ಲಿದ್ದ ಬೆಳ್ಳಕ್ಕಿ ಎದ್ದು ಆಕಾಶಕ್ಕೆ ಹೋಯ್ತು ಅನ್ನಿ. ಎರಡು ಸೆಕೆಂಡ್‌ನಲ್ಲಿ ಹಿನ್ನೆಲೆ ಕಪ್ಪಿನಿಂದ ಬೆಳ್ಳಗಾಯ್ತು, ಮೀಟರ್ ಗಾಬರಿಯಾಗಿ ಎಲ್ಲ ಬದಲಾಯಿಸ್ತು. ಆದ್ರೆ ಹಕ್ಕಿ ಮೇಲೆ ಬೀಳ್ತಿರೋ ಬಿಸಿಲು ಬದಲಾಗಿದೆಯಾ? ಇಲ್ಲ. ಹಂಗಾದ್ರೆ ಎಕ್ಸ್‌ಪೋಷರ್ ಯಾಕೆ ಬದಲಾಗಬೇಕು? ಇದಕ್ಕೇ ಮ್ಯಾನುವಲ್ ಮೋಡ್ ಇರೋದು.

ಲೆಕ್ಕ ಸುಲಭ. ಫಿಲ್ಮ್ ಕಾಲದಿಂದ ಬಂದ ನಿಯಮ: ಒಳ್ಳೆ ಬಿಸಿಲಲ್ಲಿ ಎಫ್ 16 ಇಟ್ಟು, ಶಟರ್ 1/ಐಎಸ್‌ಒ ಇಡಬೇಕು. ಐಎಸ್‌ಒ 400 ಆದ್ರೆ 1/400. ಎಫ್ 8ಕ್ಕೆ ಬಂದ್ರೆ ಎರಡು ಸ್ಟಾಪ್ ಬೆಳಕು ಜಾಸ್ತಿ, ಶಟರ್ 1/1600. ಹಕ್ಕಿ ಅಚ್ಚ ಬಿಳಿ ಅಂತ ಇನ್ನೊಂದು ಸ್ಟಾಪ್ ಕಡಿಮೆ ಮಾಡಿ: 1/3200. ರೆಕ್ಕೆ ಬಡಿತ ನಿಲ್ಲಿಸೋಕೂ ಈ ವೇಗ ಒಳ್ಳೇದೇ. ಸೂರ್ಯ ನಿಮ್ಮ ಬೆನ್ನ ಹಿಂದೆ ಇರಬೇಕು. ಮೋಡ ಬಂದ್ರೆ ಮತ್ತೆ ಲೆಕ್ಕ ಹಾಕಬೇಕು.

ಇಷ್ಟೆಲ್ಲ ಯಾಕೆ?

ಯಾಕಂದ್ರೆ 'ಬೆಳ್ಳಕ್ಕಿ' ಅಂತ ನಾವು ಕರೆಯೋದು ಒಂದೇ ಹಕ್ಕಿ ಅಲ್ಲ. ಚಿಕ್ಕ ಬೆಳ್ಳಕ್ಕಿಯ ಕೊಕ್ಕು ಕಪ್ಪು, ಕಾಲ್ಬೆರಳು ಹಳದಿ. ದನಗಳ ಹಿಂದೆ ಓಡಾಡೋದರ ಕೊಕ್ಕು ಹಳದಿ, ಮರಿ ಮಾಡೋ ಕಾಲದಲ್ಲಿ ತಲೆ ಮತ್ತು ಕತ್ತು ಕಿತ್ತಳೆ ಬಣ್ಣಕ್ಕೆ ತಿರುಗ್ತವೆ. ದೊಡ್ಡ ಬೆಳ್ಳಕ್ಕಿಯ ಬಾಯಿಯ ಗೆರೆ ಕಣ್ಣು ದಾಟಿ ಹಿಂದೆ ಹೋಗ್ತದೆ, ಮಧ್ಯಮ ಬೆಳ್ಳಕ್ಕಿಯದು ಕಣ್ಣಿನ ಕೆಳಗೇ ನಿಲ್ತದೆ. ಬಿಳಿ ಚೆಲ್ಲಿಹೋದ ಫೋಟೋದಲ್ಲಿ ಆ ತೆಳು ಗೆರೆ, ತಿಳಿ ಕಿತ್ತಳೆ ಎರಡೂ ಮಾಯ. ಎಳೆ ಎಳೆಯಾಗಿ ಇಳಿಬೀಳೋ ಬೆನ್ನ ಗರಿಗಳಂತೂ ಮೊದಲೇ ಹೋಗ್ತವೆ. ಒಂದು ಕಾಲದಲ್ಲಿ ಯುರೋಪ್, ಅಮೆರಿಕದ ಹೆಂಗಸರ ಟೋಪಿಗೆ ಈ ಗರಿ ಬೇಕು ಅಂತ ಬೆಳ್ಳಕ್ಕಿಗಳನ್ನು ಗುಂಪು ಗುಂಪಾಗಿ ಕೊಂದರು. ಗರಿ ವ್ಯಾಪಾರದ ವಿರುದ್ಧ 1889ರಲ್ಲಿ ಇಂಗ್ಲೆಂಡಿನ ಹೆಂಗಸರೇ ಕಟ್ಟಿದ ಸಂಘ ಇವತ್ತು ಆರ್‌ಎಸ್‌ಪಿಬಿ ಅನ್ನೋ ದೊಡ್ಡ ಸಂಸ್ಥೆ.

ಪ್ರತಿ ಫೆಬ್ರವರಿಯಲ್ಲಿ ಕ್ಯಾಂಪಸ್ ಬರ್ಡ್ ಕೌಂಟ್ ನಡೀತದೆ, ಕಾಲೇಜುಗಳು ತಮ್ಮ ಆವರಣದ ಹಕ್ಕಿ ಎಣಿಸಿ ಇ-ಬರ್ಡ್‌ಗೆ ಹಾಕ್ತವೆ. 'ಬಿಳಿ ಹಕ್ಕಿ 12' ಅಂತ ಬರೆದ್ರೆ ಯಾರಿಗೂ ಉಪಯೋಗ ಇಲ್ಲ. ಯಾವ ಬೆಳ್ಳಕ್ಕಿ ಅಂತ ಫೋಟೋ ತೋರಿಸಿದ್ರೆ ಅದು ನಮ್ಮೂರಿನ ದಾಖಲೆ. ಆದ್ರೆ ಹಾರೋ ಫೋಟೋ ಬೇಕು ಅಂತ ಕಲ್ಲು ಹೊಡೆಯೋದು, ಗುಂಪಿನ ಕಡೆ ಓಡೋದು, ಡ್ರೋನ್ ಬಿಡೋದು ಬೇಡ. ಅವು ಮೇಯೋಕೆ ಬಂದಿರ್ತವೆ, ಸುಮ್ಮನೆ ಕೂತ್ರೆ ತಾವೇ ಹಾರ್ತವೆ.

ಅಭ್ಯಾಸಕ್ಕೆ ಹಕ್ಕಿಯೇ ಬೇಕಂತಿಲ್ಲ. ಮನೆಯಲ್ಲಿ ಇಳಕಲ್ ಸೀರೆ ಇದ್ರೆ ಅವ್ವನ್ನ ಕೇಳಿ, ಟೋಪ ತೆನೆ ಸೆರಗನ್ನು ಸ್ವಲ್ಪ ಹೊತ್ತು ಬಿಸಿಲಿಗೆ ಹರಡ್ರಿ. ಕೆಂಪು ಸೆರಗು, ಮೇಲೆ ಬಿಳಿ ವಿನ್ಯಾಸ. ಕೆಂಪು ಕೆಂಪಾಗೇ ಉಳಿದು, ಬಿಳಿಯಲ್ಲಿ ನೂಲಿನ ಎಳೆ ಎಣಿಸೋ ಹಾಗೆ ಬರೋ ತನಕ ಸೆಟ್ಟಿಂಗ್ ಬದಲಾಯಿಸ್ತಾ ತೆಗೀರಿ. ಅದು ಬಂತು ಅಂದ್ರೆ ಬೆಳಗ್ಗೆ ಬೇಗ ಎದ್ದು ಹಿನ್ನೀರಿನ ಕಡೆ ಹೋಗೋಣ.