ತಾರಾ ಹೋಟೆಲಿನ ಸಭೆ, ಬೀಗ ಬಿದ್ದ ಸಭಾಂಗಣ

ಖಜಾನೆಯ ಸ್ಥಿತಿ ಬಿಗಿಯಾದಾಗಲೆಲ್ಲ ಮಿತವ್ಯಯದ ಸುತ್ತೋಲೆಯೊಂದು ಹೊರಡುವುದು ನಮ್ಮ ಆಡಳಿತದ ವಾಡಿಕೆ. ಹೊಸ ವಾಹನ ಖರೀದಿಸಬೇಡಿ, ವಿಮಾನದ ಮೇಲ್ದರ್ಜೆಯಲ್ಲಿ ಪ್ರಯಾಣಿಸಬೇಡಿ ಎಂಬ ಸೂಚನೆಗಳ ಜೊತೆಗೆ, ಪಂಚತಾರಾ ಹೋಟೆಲುಗಳಲ್ಲಿ ಸಭೆ, ಸಮ್ಮೇಳನ ನಡೆಸಕೂಡದು ಎಂಬ ಸಾಲೂ ಅದರಲ್ಲಿರುತ್ತದೆ. ಕೇಂದ್ರದ ವೆಚ್ಚ ಇಲಾಖೆ 2013ರ ಸೆಪ್ಟೆಂಬರಿನಲ್ಲಿ ಇಂಥದೊಂದು ಆದೇಶ ಹೊರಡಿಸಿತು. ಸರ್ಕಾರ ಬದಲಾದ ಬಳಿಕ 2014ರ ಅಕ್ಟೋಬರಿನಲ್ಲಿ ಅದೇ ನಿಷೇಧ ಮತ್ತೊಮ್ಮೆ ಬಂತು. ಹದಿಮೂರು ತಿಂಗಳ ಅಂತರದಲ್ಲಿ ಒಂದೇ ಮದ್ದನ್ನು ಎರಡು ಬಾರಿ ಬರೆಯಬೇಕಾಯಿತೆಂದರೆ ಮೊದಲ ಸಲ ಅದು ನಾಟಲಿಲ್ಲವೆಂದೇ ಅರ್ಥ.

ಏಕೆ ನಾಟಲಿಲ್ಲ ಎಂಬುದನ್ನು ತಿಳಿಯಲು ಇನ್ನೂ ಹಿಂದಿನ ಪ್ರಸಂಗವೊಂದು ನೆರವಾಗುತ್ತದೆ. 2009ರ ಸೆಪ್ಟೆಂಬರಿನಲ್ಲಿ ವಿದೇಶಾಂಗ ಸಚಿವ ಎಸ್.ಎಂ. ಕೃಷ್ಣ ಹಾಗೂ ರಾಜ್ಯ ಸಚಿವ ಶಶಿ ತರೂರ್ ತಿಂಗಳುಗಟ್ಟಲೆ ದೆಹಲಿಯ ಪಂಚತಾರಾ ಹೋಟೆಲುಗಳಲ್ಲಿ ತಂಗಿರುವ ಸುದ್ದಿ ಹೊರಬಿದ್ದಾಗ, ಅಂದಿನ ಹಣಕಾಸು ಸಚಿವ ಪ್ರಣವ್ ಮುಖರ್ಜಿ ಅವರಿಬ್ಬರಿಗೂ ಹೋಟೆಲು ಬಿಡುವಂತೆ ಸೂಚಿಸಿದರು. ಬಿಲ್ಲನ್ನು ಸ್ವಂತ ಹಣದಿಂದ ಕಟ್ಟುತ್ತಿದ್ದೇವೆ ಎಂಬುದು ಸಚಿವರ ಸಮಜಾಯಿಷಿಯಾಗಿತ್ತು. ಮಂಜೂರಾದ ಸರ್ಕಾರಿ ಬಂಗಲೆಗಳು ವಾಸಕ್ಕೆ ಇನ್ನೂ ಸಿದ್ಧವಾಗಿರಲಿಲ್ಲ ಎಂಬುದು ಮೂಲ ಕಾರಣ. ಅಂದಿನ ಗದ್ದಲದಲ್ಲಿ ಎಲ್ಲರೂ ಹೋಟೆಲಿನ ಹೆಸರನ್ನು ನೆನಪಿಟ್ಟುಕೊಂಡರು. ದುರಸ್ತಿಯಾಗದ ಬಂಗಲೆಯ ಬಗ್ಗೆ ಯಾರೂ ಕೇಳಲಿಲ್ಲ.

ಸಭೆಗಳ ವಿಚಾರದಲ್ಲಿಯೂ ನಡೆಯುವುದು ಇದೇ. ನಾನು ಸೇವೆಯಲ್ಲಿದ್ದಾಗ ಸಭಾಸ್ಥಳದ ಆಯ್ಕೆಯ ಕಡತಗಳು ನನ್ನ ಮೇಜಿನ ಮೇಲೆ ಬಂದು ಹೋಗಿವೆ. ‘ಸದರಿ ಸಭಾಂಗಣವು ಸೂಕ್ತ ಸ್ಥಿತಿಯಲ್ಲಿ ಇಲ್ಲದಿರುವುದರಿಂದ’ ಎಂದು ಆರಂಭವಾಗುವ ಟಿಪ್ಪಣಿ ಅವುಗಳಲ್ಲಿ ಬಹುತೇಕ ಒಂದೇ ಬಗೆಯದು. ಅದು ಸುಳ್ಳೂ ಆಗಿರುತ್ತಿರಲಿಲ್ಲ. ಜಿಲ್ಲಾ ಕೇಂದ್ರವೊಂದರಲ್ಲಿ ಇನ್ನೂರು ಆಸನಗಳ ಸರ್ಕಾರಿ ಸಭಾಂಗಣವನ್ನು ಖುದ್ದಾಗಿ ನೋಡಲು ಹೋಗಿದ್ದೆ. ಬೀಗದ ಕೈ ಒಂದು ಇಲಾಖೆಯ ಜವಾನನ ಬಳಿ, ವಿದ್ಯುತ್ ಬಿಲ್ಲಿನ ಹೊಣೆ ಇನ್ನೊಂದು ಇಲಾಖೆಯದು. ಧ್ವನಿವರ್ಧಕ ಗುಂಯ್‌ಗುಡುತ್ತಿತ್ತು. ಜನರೇಟರ್ ಇತ್ತು, ಡೀಸೆಲ್ ಇರಲಿಲ್ಲ. ಶೌಚಾಲಯದ ಬಾಗಿಲಿಗೆ ಹಲಗೆ ಬಡಿದಿದ್ದರು. ಇಂಥಲ್ಲಿ ಮಹಿಳಾ ಪ್ರತಿನಿಧಿಗಳನ್ನು ಇಡೀ ದಿನ ಕೂರಿಸಿ ಎಂದು ಯಾವ ಮುಖದಿಂದ ಹೇಳುವುದು? ಸಭೆ ಅಂತಿಮವಾಗಿ ಹೆದ್ದಾರಿ ಬದಿಯ ಖಾಸಗಿ ಹೋಟೆಲಿಗೆ ಹೋಯಿತು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಇದರಲ್ಲಿ ಕಾಣುವುದು ಅಧಿಕಾರಿಗಳ ಷೋಕಿಗಿಂತ ಹೆಚ್ಚಾಗಿ ಬೆಲೆಯ ವಿಕೃತಿ. ಸರ್ಕಾರಿ ಕಟ್ಟಡದ ದುರಸ್ತಿಯ ಹಣ ಸಾಮಾನ್ಯವಾಗಿ ಲೋಕೋಪಯೋಗಿ ಇಲಾಖೆಯ ಲೆಕ್ಕಶೀರ್ಷಿಕೆಯಲ್ಲಿರುತ್ತದೆ, ಮತ್ತು ಅದು ಸದಾ ಸಾಲದು. ಕಾರ್ಯಾಗಾರ, ತರಬೇತಿಯ ಹಣ ಯೋಜನೆಯ ಶೀರ್ಷಿಕೆಯಲ್ಲಿದ್ದು, ಮಾರ್ಚ್ 31ರೊಳಗೆ ಖರ್ಚಾಗದಿದ್ದರೆ ವ್ಯಪಗತವಾಗುತ್ತದೆ. ಒಂದು ಶೀರ್ಷಿಕೆಯ ಹಣವನ್ನು ಇನ್ನೊಂದಕ್ಕೆ ತಿರುಗಿಸಲು ನಿಯಮ ಸುಲಭವಾಗಿ ಬಿಡದು. ಹೀಗಾಗಿ ಸಭೆ ಏರ್ಪಡಿಸುವ ಅಧಿಕಾರಿಯ ಮಟ್ಟಿಗೆ ತನ್ನದೇ ಸಭಾಂಗಣದ ನಲ್ಲಿ ರಿಪೇರಿ ದುಸ್ಸಾಧ್ಯ. ತಾರಾ ಹೋಟೆಲಿನ ಬಾಡಿಗೆ ಸುಲಭ. ಸಾಮಾನ್ಯ ವಿವೇಕಿಯೊಬ್ಬ ಸ್ವಂತ ಹಣ ವೆಚ್ಚ ಮಾಡುವಾಗ ವಹಿಸುವಷ್ಟೇ ಎಚ್ಚರವನ್ನು ಸಾರ್ವಜನಿಕ ಹಣದ ವಿಷಯದಲ್ಲಿಯೂ ವಹಿಸಬೇಕೆಂದು 2017ರ ಸಾಮಾನ್ಯ ಹಣಕಾಸು ನಿಯಮಗಳು ವಿಧಿಸುತ್ತವೆ. ಆದರೆ ಯಾವ ವಿವೇಕಿಯೂ ಸ್ವಂತ ಮನೆಯ ಹಣವನ್ನು ಹೀಗೆ ಕಪಾಟಿಗೊಂದು ಬೀಗ ಹಾಕಿ ಇಡುವುದಿಲ್ಲ.

ನಿಷೇಧದ ಭಾಷೆಯಲ್ಲಿಯೂ ತೂತುಗಳಿವೆ. ನಕ್ಷತ್ರ ದರ್ಜೆ ಕೊಡುವುದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ವರ್ಗೀಕರಣ ಸಮಿತಿ. ಆದರೆ ಅದಕ್ಕೆ ಅರ್ಜಿ ಹಾಕುವುದು ಹೋಟೆಲಿನವರ ಇಚ್ಛೆಗೆ ಬಿಟ್ಟದ್ದು. ಅಮೃತಶಿಲೆಯ ನೆಲ, ಈಜುಕೊಳ ಎಲ್ಲ ಇದ್ದೂ ಅರ್ಜಿಯನ್ನೇ ಹಾಕದ ಐಷಾರಾಮಿ ಹೋಟೆಲು ಕಾಗದದ ಮೇಲೆ ಪಂಚತಾರಾ ಅಲ್ಲ. ಇನ್ನು ನಾಲ್ಕು ನಕ್ಷತ್ರದ್ದಕ್ಕೆ ಅಡ್ಡಿಯೇ ಇಲ್ಲ. ಸುತ್ತೋಲೆಯನ್ನು ಅಕ್ಷರಶಃ ಪಾಲಿಸಿಯೇ ಅದರ ಉದ್ದೇಶವನ್ನು ಮಣ್ಣುಪಾಲು ಮಾಡಬಹುದು.

ಖಾಸಗಿ ಕಂಪನಿಗಳು ಇಲ್ಲಿಯೇ ಸಭೆ ನಡೆಸುವುದಿಲ್ಲವೇ, ಸರ್ಕಾರಕ್ಕೆ ಮಾತ್ರ ಏಕೆ ಈ ಮಡಿ ಎಂದು ಕೇಳುವವರಿದ್ದಾರೆ. ಇಬ್ಬರ ಲೆಕ್ಕ ಒಂದೇ ಅಲ್ಲ. ಸಭಾಂಗಣದ ಬಾಡಿಗೆಗೆ ಶೇ 18ರಷ್ಟು ಜಿಎಸ್‌ಟಿ ಇದೆ. ತೆರಿಗೆಗೆ ಒಳಪಡುವ ವ್ಯವಹಾರ ನಡೆಸುವ ಕಂಪನಿ, ತಾನು ನೋಂದಾಯಿಸಿರುವ ರಾಜ್ಯದಲ್ಲಿಯೇ ಸಭೆ ನಡೆಸಿದರೆ, ಆ ಮೊತ್ತವನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಸಾಮಾನ್ಯವಾಗಿ ಕಳೆದುಕೊಳ್ಳಬಹುದು. ಇಲಾಖೆಗೆ ಆ ದಾರಿಯಿಲ್ಲ. ಗಿರಾಕಿಗಳ ಮುಂದೆ ವೈಭವ ತೋರುವುದು ಕಂಪನಿಗೆ ವ್ಯಾಪಾರದ ಭಾಗ. ವಿದೇಶಿ ಹೂಡಿಕೆದಾರರನ್ನು ಕರೆಯುವಾಗ ಸರ್ಕಾರಕ್ಕೂ ಅದು ಬೇಕಾದೀತು. ಅಂಥ ಸಭೆಗಳಿಗೆ ಹೋಟೆಲೇ ಸರಿ ಎಂಬುದರಲ್ಲಿ ನನಗೆ ತಕರಾರಿಲ್ಲ.

ತಕರಾರಿರುವುದು ಬೇರೆ ಬಗೆಯ ಸಭೆಗಳ ಬಗ್ಗೆ. ಸ್ವಸಹಾಯ ಸಂಘಗಳ ಸಾಲ ಮರುಪಾವತಿ ಕುರಿತ ರಾಜ್ಯಮಟ್ಟದ ಕಾರ್ಯಾಗಾರವೊಂದು ಬೆಂಗಳೂರಿನ ಹೆಸರಾಂತ ಹೋಟೆಲಿನಲ್ಲಿ ನಡೆದಾಗ ನಾನು ಹೋಗಿದ್ದೆ. ರಾಯಚೂರು, ಕೊಪ್ಪಳಗಳಿಂದ ರಾತ್ರಿ ಬಸ್ಸಿನಲ್ಲಿ ಬಂದಿದ್ದ ಹೆಣ್ಣುಮಕ್ಕಳನ್ನು ಕಾವಲಿನವರು ಮುಂಬಾಗಿಲಿನಿಂದ ಪಕ್ಕದ ಬಾಗಿಲಿಗೆ ಕಳುಹಿಸಿದರು. ಹೊರಗಿನ ಆಹಾರಕ್ಕೆ ಅವಕಾಶವಿಲ್ಲವೆಂದು ದಾರಿಗೆ ಕಟ್ಟಿಕೊಂಡಿದ್ದ ರೊಟ್ಟಿಯ ಬುತ್ತಿಗಳನ್ನು ಬಾಗಿಲಲ್ಲೇ ಇಡಿಸಿಕೊಂಡರು. ಒಳಗೆ ದುಂಡು ಮೇಜುಗಳು, ಮುಂದಿನವು ಅಧಿಕಾರಿಗಳಿಗೆ, ಬ್ಯಾಂಕಿನವರಿಗೆ. ಹಿಂದೆ ಕುಳಿತವರು ಸೆರಗನ್ನು ಮೈತುಂಬ ಹೊದ್ದಿದ್ದರು. ಏನಾದರೂ ಹೇಳುವುದಿದೆಯೇ ಎಂದು ನಾನು ಹತ್ತಿರ ಹೋಗಿ ವಿಚಾರಿಸಿದಾಗ ಒಬ್ಬಾಕೆ, “ಇಲ್ಲೆ ಭಾಳ ಥಂಡಿ ಐತ್ರಿ ಸಾಹೇಬ್ರ” ಎಂದಷ್ಟೇ ಹೇಳಿದಳು. ಸಾಲದ ಕಂತು ಏಕೆ ತಪ್ಪುತ್ತದೆ ಎಂಬುದನ್ನು ಬಲ್ಲವರು ಆ ಕೋಣೆಯಲ್ಲಿ ಇದ್ದದ್ದು ಅವರೇ. ಸಂಜೆಯವರೆಗೂ ಮಾತನಾಡಿದ್ದು ಮುಂದಿನ ಮೇಜುಗಳು.

ಅಲ್ಲಿಯ ಬಿಲ್ಲು ಇನ್ನೊಂದು ಕಥೆ. ಹೋಟೆಲಿನವರು ‘ಮಿನಿಮಮ್ ಗ್ಯಾರಂಟಿ’ ಎಂದು ಇಷ್ಟು ಊಟಕ್ಕೆ ಮೊದಲೇ ಒಪ್ಪಿಸಿಕೊಳ್ಳುತ್ತಾರೆ. ನೂರೈವತ್ತು ಎಂದು ಒಪ್ಪಿ ತೊಂಬತ್ತು ಜನ ಬಂದರೂ ನೂರೈವತ್ತಕ್ಕೇ ಹಣ. ಸಭೆಗೆ ಹಾಜರಾದವರ ಸಹಿಯ ಪಟ್ಟಿಯನ್ನೂ ಊಟದ ಬಿಲ್ಲನ್ನೂ ಅಕ್ಕಪಕ್ಕ ಇಟ್ಟು ನೋಡುವ ಲೆಕ್ಕಪರಿಶೋಧಕ ಬಂದರೆ ಅನೇಕ ಕಾರ್ಯಾಗಾರಗಳ ನಿಜಬಣ್ಣ ಬಯಲಾದೀತು.

ಸ್ಥಳ ಆರಿಸುವ ಕಡತದಲ್ಲಿ ಕೇಳಬೇಕಾದ ಪ್ರಶ್ನೆಗಳು ದೊಡ್ಡವೇನಲ್ಲ. ಬರುವವರು ಇಳಿಯುವ ಬಸ್ ನಿಲ್ದಾಣದಿಂದ ಎಷ್ಟು ದೂರ? ಗಾಲಿಕುರ್ಚಿ ಒಳಗೆ ಹೋಗುವುದೇ? ಕಂಬದ ಹಿಂದೆ ಕುಳಿತವನಿಗೆ ವೇದಿಕೆ ಕಾಣುವುದೇ? ಹಿಂದಿನ ಸಾಲಿಗೆ ಕೇಳುವುದೇ? ಬರುವವರು ಅಂಜಿಕೆಯಿಲ್ಲದೆ ಬಾಗಿಲು ದಾಟುವರೇ? ಯಂತ್ರೋಪಕರಣ ತಯಾರಕರ ಸಂಘ ಪ್ರತಿ ವಸ್ತುಪ್ರದರ್ಶನಕ್ಕೂ ಬಾಡಿಗೆ ಜಾಗ ಹುಡುಕುತ್ತ ಕೂರದೆ, ತುಮಕೂರು ರಸ್ತೆಯಲ್ಲಿ ತನ್ನದೇ ಪ್ರದರ್ಶನ ಕೇಂದ್ರವನ್ನು 2007ರಲ್ಲಿ ತೆರೆಯಿತು. 2024ರ ನವೆಂಬರಿನಿಂದ ಮಾದಾವರದವರೆಗೆ ಮೆಟ್ರೊ ಹೋಗುವುದರಿಂದ ಅಲ್ಲಿಗೆ ಈಗ ಯಾರು ಬೇಕಾದರೂ ಟಿಕೆಟ್ ಕೊಂಡು ಹೋಗಬಹುದು. ಸರ್ಕಾರದ ಬಳಿಯೂ ಒಳ್ಳೆಯ ಮಾದರಿಗಳಿಲ್ಲದಿಲ್ಲ. ಮೈಸೂರಿನ ಲಲಿತಮಹಲ್ ರಸ್ತೆಯ ಆಡಳಿತ ತರಬೇತಿ ಸಂಸ್ಥೆಯಲ್ಲಿ ಪಾಠದ ಕೊಠಡಿ, ವಸತಿ, ಊಟದ ಮನೆ ಎಲ್ಲವೂ ಒಂದೇ ಆವರಣದಲ್ಲಿವೆ. ಅಬ್ದುಲ್ ನಜೀರ್ ಸಾಬ್ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆ 2000ದ ದಶಕದಲ್ಲಿಯೇ ಉಪಗ್ರಹದ ಮೂಲಕ ಪಂಚಾಯಿತಿ ಸದಸ್ಯೆಯರಿಗೆ ಅವರವರ ತಾಲ್ಲೂಕಿನಲ್ಲಿಯೇ ತರಬೇತಿ ಕೊಟ್ಟಿತು. ಪ್ರಯಾಣವೇ ಬೇಕಿಲ್ಲದ ಸಭೆ ಅದು!

ಕಾರ್ಯಾಗಾರಕ್ಕೆಂದು ಮಂಜೂರಾದ ಹಣದಲ್ಲಿ ಒಂದು ಪಾಲನ್ನು, ಸಭೆಯನ್ನು ಸರ್ಕಾರಿ ಸಭಾಂಗಣದಲ್ಲಿ ನಡೆಸುವುದಾದರೆ, ಆ ಸಭಾಂಗಣದ ನಿರ್ವಹಣೆಗೆ ಬಾಡಿಗೆಯಾಗಿ ಕಟ್ಟಲು ಹಣಕಾಸು ಇಲಾಖೆ ಅನುಮತಿಸಬೇಕು. ಆ ಬಾಡಿಗೆ ಖಜಾನೆಯಲ್ಲಿ ಕರಗದೆ ಅದೇ ಕಟ್ಟಡದ ಖಾತೆಗೆ ಸೇರಬೇಕು. ನಿಷೇಧದ ಸುತ್ತೋಲೆಗಿಂತ ಈ ಒಂದು ಆದೇಶ ಹೆಚ್ಚು ಕೆಲಸ ಮಾಡೀತೆಂದು ನನ್ನ ನಂಬಿಕೆ.

ಆರಂಭಕ್ಕೆ ಒಂದು ಕಟ್ಟಡ ಕಣ್ಣೆದುರಿಗೇ ಇದೆ. ಬೆಳಗಾವಿಯ ಸುವರ್ಣ ವಿಧಾನಸೌಧ 2012ರ ಅಕ್ಟೋಬರ್ 11ರಂದು ಉದ್ಘಾಟನೆಯಾಯಿತು. ಉದ್ಘಾಟಿಸಿದವರು, ಆ ವೇಳೆಗೆ ರಾಷ್ಟ್ರಪತಿಯಾಗಿದ್ದ ಅದೇ ಪ್ರಣವ್ ಮುಖರ್ಜಿ. ಚಳಿಗಾಲದ ಅಧಿವೇಶನಕ್ಕೆಂದು ವರ್ಷದಲ್ಲಿ ಸುಮಾರು ಎರಡು ವಾರ ಅಲ್ಲಿ ದೀಪ ಬೆಳಗುತ್ತದೆ. 2019 ಮತ್ತು 2020ರಲ್ಲಿ ಅದೂ ಆಗಲಿಲ್ಲ. ಕೆಲವು ಕಚೇರಿಗಳು ಅಲ್ಲಿಗೆ ಹೋಗಿರುವುದು ನಿಜವಾದರೂ, ಅಷ್ಟು ದೊಡ್ಡ ಸೌಧದ ಸಭಾಂಗಣಗಳಿಗೆ ಅದು ಸಾಲದು. ಕೃಷಿ, ನೀರಾವರಿ, ಗ್ರಾಮೀಣಾಭಿವೃದ್ಧಿ ಇಲಾಖೆಗಳ ರಾಜ್ಯಮಟ್ಟದ ಸಮ್ಮೇಳನಗಳನ್ನು ಮುಂದಿನ ಆರ್ಥಿಕ ವರ್ಷದಿಂದ ಅಲ್ಲಿ ನಡೆಸಬಹುದು. ರಾತ್ರಿ ಬೆಂಗಳೂರಿನಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದ ಅಧಿಕಾರಿ ಬೆಳಿಗ್ಗೆ ಬೆಳಗಾವಿಯಲ್ಲಿ ಇಳಿಯುತ್ತಾನೆ. ಕೊಪ್ಪಳ, ವಿಜಯಪುರ, ಬಾಗಲಕೋಟೆಯವರಿಗಂತೂ ಬೆಂಗಳೂರಿಗಿಂತ ಅದೇ ಹತ್ತಿರ.