ತರಗತಿಯ ಪರದೆ ಮತ್ತು ಜಾಹೀರಾತು ತಡೆ

ತಡವಳದಂತಹ ಗಡಿಭಾಗದ ಕನ್ನಡ ಶಾಲೆಗಳಲ್ಲಿ ಶಿಕ್ಷಕರು ಪೂರಕ ಸಾಮಗ್ರಿಗಾಗಿ ಅಂತರ್ಜಾಲದ ಮೊರೆ ಹೋಗುವುದು ಸಹಜ. ಪಾಠದ ನಡುವೆ ಅನುಚಿತ ಜಾಹೀರಾತು ಮೂಡಿದರೆ ಮಕ್ಕಳ ಏಕಾಗ್ರತೆ ಕೆಡುತ್ತದೆ. ಇದನ್ನು ತಡೆಯಲು ಬ್ರೌಸರ್‌ಗೆ ಜೋಡಿಸುವ ಕಿರುತಂತ್ರಾಂಶಕ್ಕೆ ‘ಎಕ್ಸ್‌ಟೆನ್ಷನ್’ ಎಂದು ಹೆಸರು.

ಹಿಂದೆ ಇದು ದ್ವಾರಪಾಲಕನಂತೆ ನಿಂತು, ಜಾಲಪುಟವು ತರಿಸಿಕೊಳ್ಳುವ ಪ್ರತಿಯೊಂದನ್ನೂ ತಾನೇ ಪರೀಕ್ಷಿಸಿ ಜಾಹೀರಾತನ್ನು ತಡೆಯುತ್ತಿತ್ತು. ಗೂಗಲ್ ಕ್ರೋಮ್‌ನ ‘ಮ್ಯಾನಿಫೆಸ್ಟ್ ವಿ3’ ನಿಯಮದಂತೆ ಈಗ ತಡೆಯುವ ಕೆಲಸ ಬ್ರೌಸರ್‌ನದು. ಎಕ್ಸ್‌ಟೆನ್ಷನ್ ತಡೆಯಬೇಕಾದವುಗಳ ಪಟ್ಟಿಯನ್ನು ಮುಂಚಿತವಾಗಿ ಒಪ್ಪಿಸಬೇಕು. ಆ ಪಟ್ಟಿಗೆ ಮಿತಿಯೂ ಉಂಟು. ಬಳಕೆದಾರರ ಖಾಸಗಿತನ ಮತ್ತು ಸುರಕ್ಷತೆ ಇದರ ಉದ್ದೇಶವೆಂದು ಗೂಗಲ್ ಹೇಳುತ್ತದೆ. ತಡೆಯ ಸಾಮರ್ಥ್ಯ ಕುಗ್ಗಿತೆಂಬುದು ಟೀಕಾಕಾರರ ವಾದ.

2024ರ ಜೂನ್‌ನಿಂದ ಕ್ರೋಮ್ ಹಳೆಯ ಬಗೆಯ ಎಕ್ಸ್‌ಟೆನ್ಷನ್‌ಗಳನ್ನು ಹಂತಹಂತವಾಗಿ ಕೈಬಿಡತೊಡಗಿತು. ಹೀಗೆ ನಿಂತುಹೋದ ‘ಯುಬ್ಲಾಕ್ ಒರಿಜಿನ್’ಗೆ ಬದಲಾಗಿ ಅದರ ‘ಲೈಟ್’ ರೂಪವನ್ನು ಬಳಸಬಹುದು. ಫೈರ್‌ಫಾಕ್ಸ್‌ನಲ್ಲಿ ಹಳೆಯ ವಿಧಾನವೂ ಉಳಿದಿದೆ. ಆಂಡ್ರಾಯ್ಡ್ ಮೊಬೈಲಿನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಷನ್ ಸೌಲಭ್ಯವೇ ಇಲ್ಲ ಎಂಬುದನ್ನು ಗಮನಿಸಬೇಕು.

ಆದುದರಿಂದ, ಹಿಂದೊಮ್ಮೆ ಅಳವಡಿಸಿದ ತಡೆ ಇಂದಿಗೂ ಕೆಲಸ ಮಾಡುತ್ತಿದೆಯೆಂದು ಭಾವಿಸದೆ, ತೋರಿಸಲಿರುವ ಪುಟವನ್ನು ಪಾಠಕ್ಕೆ ಮುನ್ನ ಅದೇ ಸಾಧನದಲ್ಲಿ ತೆರೆದು ಪರಿಶೀಲಿಸುವುದು ಶಿಕ್ಷಕರ ಪೂರ್ವಸಿದ್ಧತೆಯ ಭಾಗವಾಗಬೇಕು.