ಗಣಕಯಂತ್ರದ ರೋಗನಿದಾನ

ಆಯುರ್ವೇದದಲ್ಲಿ ಚಿಕಿತ್ಸೆಗೆ ಮೊದಲು ನಿದಾನವೆಂಬುದೊಂದಿದೆ. ಲಕ್ಷಣಗಳನ್ನು ನೋಡಿ, ಅವುಗಳ ಮೂಲವನ್ನು ಅರಸಿ, ಬಳಿಕವೇ ಔಷಧಕ್ಕೆ ಕೈಹಾಕಬೇಕೆಂಬುದು ಅಲ್ಲಿಯ ಕಟ್ಟಳೆ. ಮಾಧವಕರನು ರೋಗನಿದಾನವೊಂದನ್ನೇ ವಿಷಯವಾಗಿಟ್ಟುಕೊಂಡು ಪ್ರತ್ಯೇಕ ಗ್ರಂಥವನ್ನು ರಚಿಸಿದನೆಂದ ಮೇಲೆ ಹಿಂದಿನವರು ಈ ಅಂಗಕ್ಕೆ ಎಷ್ಟು ಬೆಲೆ ಕೊಟ್ಟಿದ್ದರೆಂಬುದು ವೇದ್ಯವಾಗುತ್ತದೆ. ಇಂದು ಶಾಲೆ, ಕಚೇರಿ, ಬ್ಯಾಂಕು, ಆಸ್ಪತ್ರೆಗಳಲ್ಲಿ ಗಣಕಯಂತ್ರಗಳನ್ನೂ ಅವುಗಳಿಗೆ ಮಾಹಿತಿಯನ್ನು ಒದಗಿಸುವ ಸರ್ವರುಗಳನ್ನೂ ಸುಸ್ಥಿತಿಯಲ್ಲಿಡುವವರ ವೃತ್ತಿಯೂ ಹೆಚ್ಚುಕಡಿಮೆ ಇದೇ. ಹಳ್ಳಿಗಾಡಿನ ಶಾಲೆಗಳಲ್ಲಿ ಓದಿ ಬೆಂಗಳೂರು ಸೇರಿದ ತರುಣರಲ್ಲಿ ಅನೇಕರು ಈ ಕೆಲಸದಲ್ಲಿದ್ದಾರೆ. ಅವರು ದಿನವಿಡೀ ಮಾಡುವುದೇನೆಂಬುದು ಮನೆಯ ಹಿರಿಯರಿಗೆ ತಿಳಿದಿರುವುದು ಮಾತ್ರ ಅಪರೂಪ. ಕನ್ನಡದಲ್ಲಿ ನಿದಾನಕ್ಕೂ ನಿಧಾನಕ್ಕೂ ಒಂದು ಮಹಾಪ್ರಾಣದ ಅಂತರವಿದೆ. ಈ ವೃತ್ತಿಯಲ್ಲಿ ಅಷ್ಟು ಅಂತರವೂ ಇಲ್ಲವೆನ್ನಬೇಕು.

"ಕಂಪ್ಯೂಟರ್ ಕೆಟ್ಟಿದೆ" ಎಂಬುದು ದೂರೇ ಹೊರತು ಲಕ್ಷಣವಲ್ಲ. ವೈದ್ಯನ ಮುಂದೆ ಕುಳಿತು "ಮೈ ಸರಿಯಿಲ್ಲ" ಎಂದಷ್ಟೇ ಹೇಳಿದಂತಾಯಿತು. ಪರದೆಯ ಮೇಲೆ ಮೂಡಿದ ವಾಕ್ಯವು ಅಕ್ಷರಶಃ ಯಾವುದು? ತೊಂದರೆ ಯಾವಾಗಿನಿಂದ? ನಿನ್ನೆಗೂ ಇಂದಿಗೂ ನಡುವೆ ಬದಲಾದುದೇನು? ತೊಂದರೆ ಒಬ್ಬರಿಗೋ, ಎಲ್ಲರಿಗೋ? ಅನುಭವಿಯಾದವನು ಯಂತ್ರವನ್ನು ಮುಟ್ಟುವ ಮೊದಲು ಈ ನಾಲ್ಕು ಪ್ರಶ್ನೆಗಳನ್ನು ಕೇಳುತ್ತಾನೆ. ಕಡೆಯ ಪ್ರಶ್ನೆಯೊಂದೇ ಅರ್ಧ ಕೆಲಸವನ್ನು ಮುಗಿಸಿಬಿಡುತ್ತದೆ. ಒಬ್ಬರಿಗೆ ಮಾತ್ರವಾದರೆ ದೋಷವು ಆ ಯಂತ್ರದಲ್ಲಿ ಅಥವಾ ಅದರ ತಂತಿಯಲ್ಲಿದೆ. ಕೊಠಡಿಯವರಿಗೆಲ್ಲ ಆದರೆ ಆ ಕೊಠಡಿಯ ತಂತಿಗಳು ಕೂಡುವ ಪೆಟ್ಟಿಗೆಯಲ್ಲಿ. ಕಟ್ಟಡಕ್ಕೆಲ್ಲ ಆದರೆ ಸರ್ವರಿನಲ್ಲಿ ಅಥವಾ ಹೊರಗಿನ ಸಂಪರ್ಕದಲ್ಲಿ. ಮೂರನೆಯ ಪ್ರಶ್ನೆಗೆ "ಏನೂ ಬದಲಾಗಿಲ್ಲ" ಎಂಬ ಉತ್ತರವೇ ಸಾಮಾನ್ಯವಾಗಿ ದೊರೆಯುವುದು. ಹೇಳುವವರು ಸುಳ್ಳಾಡುತ್ತಿಲ್ಲ, ಆದರೆ ಆ ಮಾತನ್ನು ಪೂರ್ತಿಯಾಗಿ ನಂಬುವಂತೆಯೂ ಇಲ್ಲ. ರಾತ್ರಿ ಯಂತ್ರವು ತಾನಾಗಿಯೇ ತಂತ್ರಾಂಶವನ್ನು ನವೀಕರಿಸಿಕೊಂಡಿರುತ್ತದೆ, ಗುಪ್ತಪದದ ಅವಧಿ ತೀರಿರುತ್ತದೆ, ಅಥವಾ ಕಸ ಗುಡಿಸುವಾಗ ಮೇಜನ್ನು ಸರಿಸಿ ತಂತಿ ಸಡಿಲವಾಗಿರುತ್ತದೆ.

ಆರಿಸಿ ಮತ್ತೆ ಹೊತ್ತಿಸುವ ಚಿಕಿತ್ಸೆಯನ್ನು ಎಲ್ಲರೂ ಬಲ್ಲರು. ಅದನ್ನು ಹಾಸ್ಯ ಮಾಡುವವರೂ ಉಂಟು. ಅದು ಫಲಿಸುವುದಕ್ಕೆ ಕಾರಣವಿದೆ. ದಿನಗಟ್ಟಲೆ ನಡೆದ ಯಂತ್ರದಲ್ಲಿ ಕೆಲವು ಕಾರ್ಯಕ್ರಮಗಳು ತಾವು ಪಡೆದ ಸ್ಮರಣಸ್ಥಳವನ್ನು ಹಿಂತಿರುಗಿಸದೆ ಉಳಿಸಿಕೊಳ್ಳುತ್ತವೆ, ಕೆಲವು ಒಂದನ್ನೊಂದು ಕಾಯುತ್ತ ನಿಂತುಬಿಡುತ್ತವೆ. ಮರುಪ್ರಾರಂಭದಿಂದ ಆ ಗೊಂದಲವೆಲ್ಲ ಅಳಿದು ಯಂತ್ರವು ಹೊಸದಾಗಿ ತೊಡಗುತ್ತದೆ. ಇಲ್ಲಿ ಬಹುಮಂದಿ ಅರಿಯದ ಒಂದು ಸೂಕ್ಷ್ಮವಿದೆ. ೨೦೧೨ರಲ್ಲಿ ಬಂದ ವಿಂಡೋಸ್ ೮ರಿಂದ ಈಚೆಗೆ, ಬೇಗನೆ ಎಚ್ಚರಗೊಳ್ಳಲೆಂದು, 'ಷಟ್ ಡೌನ್' ಮಾಡುವಾಗ ಯಂತ್ರವು ತನ್ನ ಒಳತಿರುಳಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮರುದಿನ ಅದನ್ನೇ ಎತ್ತಿಕೊಳ್ಳುವ ಏರ್ಪಾಡು ಸಾಮಾನ್ಯವಾಗಿದೆ. ಆದುದರಿಂದ ಪ್ರತಿ ಸಂಜೆ ಯಂತ್ರವನ್ನು ಆರಿಸುವವರ ಬಳಿಯೂ ಹಳೆಯ ದೋಷ ಹಾಗೆಯೇ ಉಳಿಯಬಹುದು. 'ರೀಸ್ಟಾರ್ಟ್' ಎಂಬುದನ್ನೇ ಒತ್ತಿದಾಗ ಮಾತ್ರ ಪೂರ್ಣ ಶುದ್ಧಿಯಾಗುತ್ತದೆ. ಸರ್ವರಿನ ವಿಷಯದಲ್ಲಿ ಈ ಔಷಧವನ್ನು ಕೊಡುವ ಮುನ್ನ ಪರದೆಯ ಮೇಲಿನ ಸಂದೇಶವನ್ನೂ ಹೊತ್ತನ್ನೂ ಬರೆದುಕೊಳ್ಳಬೇಕು. ಮರುಪ್ರಾರಂಭವು ದೋಷದೊಡನೆ ದೋಷದ ಸಾಕ್ಷ್ಯವನ್ನೂ ತೊಳೆದುಬಿಡುವುದರಿಂದ, ಅದೇ ತೊಂದರೆ ಮುಂದಿನ ವಾರ ಮತ್ತೆ ಬಂದಾಗ ತನಿಖೆಯನ್ನು ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ನೋಡುವುದಕ್ಕೆ ಭಯಂಕರವಾಗಿದ್ದು ಒಳಗೆ ಏನೂ ಇಲ್ಲದ ವ್ಯಾಧಿಗಳುಂಟು. ಕರ್ನಾಟಕದ ಶಾಲೆಗಳಿಗೆ ಚಿರಪರಿಚಿತವಾದ ಒಂದು ನಿದರ್ಶನ ಇದು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದಲ್ಲಿ ಹಿಂದೆ ಬೆರಳಚ್ಚು ಮಾಡಿದ ಪ್ರಶ್ನೆಪತ್ರಿಕೆಯನ್ನು ಬೇರೊಂದು ಯಂತ್ರದಲ್ಲಿ ತೆರೆದರೆ, ಕನ್ನಡದ ಬದಲು ರೋಮನ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಕಾಣಿಸುತ್ತವೆ. "ವೈರಸ್ ಹೊಕ್ಕಿದೆ" ಎಂದು ಗಾಬರಿಗೊಂಡು ಕಡತವನ್ನು ಅಳಿಸಿಹಾಕಿದವರಿದ್ದಾರೆ. ನಲವತ್ತು ಪುಟಗಳನ್ನು ಪುನಃ ಬೆರಳಚ್ಚು ಮಾಡಿಸಿದವರಿದ್ದಾರೆ. ವಾಸ್ತವವಾಗಿ ಹಳೆಯ ಪದ್ಧತಿಯಲ್ಲಿ ಕನ್ನಡದ ಅಕ್ಷರಭಾಗಗಳನ್ನು ರೋಮನ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕೂಡಿಸಲಾಗಿತ್ತು. ಯಂತ್ರದ ಮಟ್ಟಿಗೆ ಅದು ರೋಮನ್ ಬರಹವೇ; ಅದಕ್ಕೆ ಕನ್ನಡದ ರೂಪವನ್ನು ಕೊಡುತ್ತಿದ್ದುದು ಫಾಂಟ್ ಮಾತ್ರ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ವೇಷ ಕಳಚುತ್ತದೆ. ಕಡತ ಕೆಟ್ಟಿಲ್ಲ, ಓದುವ ಕನ್ನಡಕವೊಂದು ಇಲ್ಲ, ಅಷ್ಟೆ. ಫಾಂಟನ್ನು ಸ್ಥಾಪಿಸಿದರೆ ಅಕ್ಷರಗಳು ಮರಳುತ್ತವೆ. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಮನೆಗಳು ದೊರೆತಿವೆ. ಹಳೆಯ ಕಡತಗಳನ್ನು ಪರಿವರ್ತಕ ತಂತ್ರಾಂಶದಿಂದ ಆ ಪದ್ಧತಿಗೆ ತಂದಿಟ್ಟುಕೊಂಡರೆ ಈ ಕಾಟವು ಶಾಶ್ವತವಾಗಿ ತಪ್ಪುತ್ತದೆ. ಪರಿವರ್ತನೆಯಲ್ಲಿ ಒತ್ತಕ್ಷರಗಳೂ ಅಂಕೆಗಳೂ ಕೆಲವೆಡೆ ಪಲ್ಲಟವಾಗುವುದುಂಟಾದ್ದರಿಂದ ಒಮ್ಮೆ ಕರಡು ತಿದ್ದುವುದು ಅವಶ್ಯ.

ಇದಕ್ಕೆ ವ್ಯತಿರಿಕ್ತವಾಗಿ, ರೋಗ ಒಂದೆಡೆಯಿದ್ದು ನೋವು ಇನ್ನೊಂದೆಡೆ ಕಾಣಿಸಿಕೊಳ್ಳುವುದೂ ಉಂಟು. ಬೇಸಿಗೆ ರಜೆಯ ನಂತರ ಪ್ರಯೋಗಶಾಲೆಯ ಬೀಗ ತೆಗೆದಾಗ ಒಂದು ಯಂತ್ರದಲ್ಲಿ ಯಾವ ಜಾಲತಾಣವೂ ತೆರೆಯದು. ಎಲ್ಲವೂ ಅಸುರಕ್ಷಿತವೆಂಬ ಎಚ್ಚರಿಕೆ ಬರುತ್ತದೆ. ದೂರು ಅಂತರಜಾಲ ಒದಗಿಸುವವರ ಮೇಲೆ ಹೋಗುತ್ತದೆ. ಪರದೆಯ ಮೂಲೆಯಲ್ಲಿರುವ ದಿನಾಂಕವನ್ನು ನೋಡಿದರೆ ಯಂತ್ರವು ಎಷ್ಟೋ ವರ್ಷ ಹಿಂದಿನ ಕಾಲದಲ್ಲಿ ನಿಂತಿರುತ್ತದೆ! ವಿದ್ಯುತ್ತಿಲ್ಲದಾಗ ಯಂತ್ರದ ಗಡಿಯಾರವನ್ನು ನಡೆಸುವುದು ಒಳಗಿನ ಫಲಕದ ಮೇಲಿರುವ ನಾಣ್ಯದಾಕಾರದ ಮೂರು ವೋಲ್ಟಿನ ಸೆಲ್. ಅದರ ಗುರುತು ಸಾಮಾನ್ಯವಾಗಿ ಸಿ.ಆರ್. ೨೦೩೨, ಇಪ್ಪತ್ತು ಮಿಲಿಮೀಟರ್ ವ್ಯಾಸ, ೩.೨ ಮಿಲಿಮೀಟರ್ ದಪ್ಪ ಎಂಬುದೇ ಆ ಅಂಕೆಗಳ ಅರ್ಥ. ಸೆಲ್ ಬರಿದಾದರೆ ಗಡಿಯಾರವು ಹಿಂದಕ್ಕೆ ಹೋಗುತ್ತದೆ. ಜಾಲತಾಣಗಳು ತಮ್ಮ ಗುರುತಿಗೆಂದು ತೋರಿಸುವ ಪ್ರಮಾಣಪತ್ರಕ್ಕೆ ಆರಂಭದ ಮತ್ತು ಮುಕ್ತಾಯದ ದಿನಾಂಕಗಳಿರುವುದರಿಂದ, ಹಿಂದಿನ ಕಾಲದಲ್ಲಿರುವ ಯಂತ್ರಕ್ಕೆ ಅವೆಲ್ಲವೂ ಇನ್ನೂ ಜಾರಿಗೆ ಬಾರದ ಪತ್ರಗಳಾಗಿ ತೋರುತ್ತವೆ. ಇಂಥಲ್ಲಿ ಸಾವಿರಾರು ರೂಪಾಯಿಗಳ ಹೊಸ ಉಪಕರಣಗಳನ್ನು ತರಿಸುವುದು ವ್ಯರ್ಥ. ಒಂದು ಅಗ್ಗದ ಸೆಲ್ ಸಾಕು.

ಸಂಪರ್ಕವೇ ನಿಜವಾಗಿ ತಪ್ಪಿದ್ದಾಗ ದಾರಿಯನ್ನು ತುಂಡುತುಂಡಾಗಿ ಪರೀಕ್ಷಿಸುವುದು ಕ್ರಮ. ಇದಕ್ಕೆ ಅತ್ಯುತ್ತಮ ಸಾಧನವಾದ 'ಪಿಂಗ್' ಎಂಬ ಪುಟ್ಟ ಕಾರ್ಯಕ್ರಮವನ್ನು ಮೈಕ್ ಮೂಸ್ ಎಂಬ ಅಮೆರಿಕದ ತಜ್ಞರು ೧೯೮೩ರ ಡಿಸೆಂಬರಿನಲ್ಲಿ ಬರೆದರು. ಜಲಾಂತರ್ಗಾಮಿಗಳನ್ನು ಪತ್ತೆಮಾಡುವ ಸೋನಾರ್ ಯಂತ್ರದ ಸದ್ದಿನಿಂದ ಆ ಹೆಸರು ಬಂದಿದೆ. ಒಂದು ಕೂಗು ಕಳುಹಿಸಿ ಮಾರ್ದನಿಯನ್ನು ಕಾಯುವುದಷ್ಟೇ ಅದರ ಕೆಲಸ. ಯಂತ್ರದ ಸ್ವಂತ ಸಂಖ್ಯಾವಿಳಾಸವು ೧೬೯.೨೫೪ ಎಂದು ಮೊದಲಾಗುತ್ತಿದ್ದರೆ, ವಿಳಾಸವನ್ನು ಹಂಚಬೇಕಾದ ಪೆಟ್ಟಿಗೆಯಿಂದ ಅದಕ್ಕೆ ಉತ್ತರವೇ ಬಂದಿಲ್ಲವೆಂದು ತಿಳಿಯಬೇಕು. ವಿಳಾಸ ಸರಿಯಿದ್ದರೆ ಕಟ್ಟಡದೊಳಗಿನ ರೂಟರನ್ನು ಕೂಗಬೇಕು. ಅದು ಓಗೊಟ್ಟರೆ ಹೊರಗಿನ ಯಾವುದಾದರೊಂದು ಸಂಖ್ಯಾವಿಳಾಸವನ್ನು. ಅದೂ ಓಗೊಟ್ಟರೆ ಒಂದು ಹೆಸರನ್ನು. ಸಂಖ್ಯೆಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ದೋಷವು ತಂತಿಯಲ್ಲಿಲ್ಲ, ಹೆಸರನ್ನು ಸಂಖ್ಯೆಗೆ ಅನುವಾದಿಸುವ ವ್ಯವಸ್ಥೆಯಲ್ಲಿದೆ. ಪಾಲ್ ಮೊಕಪೆಟ್ರಿಸ್ ಅವರು ೧೯೮೩ರಲ್ಲಿಯೇ ರೂಪಿಸಿದ ಈ ಹೆಸರಿನ ಪಂಜಿಯು ಇಂದಿಗೂ ಅಂತರಜಾಲಕ್ಕೆ ಆಧಾರವಾಗಿದೆ. ಕೆಲವು ಯಂತ್ರಗಳು ಕೂಗಿಗೆ ಓಗೊಡದಂತೆ ಉದ್ದೇಶಪೂರ್ವಕವಾಗಿ ಕಟ್ಟುಮಾಡಲ್ಪಟ್ಟಿರುವುದರಿಂದ ಮೌನವೊಂದನ್ನೇ ಮರಣವೆಂದು ತೀರ್ಮಾನಿಸಲಾಗದು.

ಸರ್ವರುಗಳ ಕಾಯಿಲೆಗಳಲ್ಲಿ ಅತಿ ಸಾಮಾನ್ಯವಾದುದು ಡಿಸ್ಕ್ ತುಂಬಿಹೋಗುವುದು. ಆಗ ಮಿಂಚಂಚೆ ಬರುವುದಿಲ್ಲ, ದತ್ತಾಂಶ ಉಳಿಯುವುದಿಲ್ಲ, ಕೆಲವೊಮ್ಮೆ ಒಳಗೆ ಪ್ರವೇಶವೇ ಸಿಗುವುದಿಲ್ಲ. ಸರ್ವರು ತನ್ನ ದಿನಚರಿಯನ್ನು ತಾನೇ ಬರೆದುಕೊಳ್ಳುವ ಲಾಗ್ ಕಡತಗಳು ಯಾರ ಗಮನಕ್ಕೂ ಬಾರದೆ ಬೆಳೆದು ಸ್ಥಳವನ್ನೆಲ್ಲ ನುಂಗಿರುತ್ತವೆ. ಲಿನಕ್ಸ್ ಸರ್ವರಿನಲ್ಲಿ ಅಂಥ ಕಡತವನ್ನು ಅಳಿಸಿದರೂ, ಅದನ್ನು ತೆರೆದಿಟ್ಟುಕೊಂಡಿರುವ ಕಾರ್ಯಕ್ರಮವು ಕೈಬಿಡುವವರೆಗೆ ಸ್ಥಳವು ತೆರವಾಗುವುದಿಲ್ಲ. ಇದನ್ನರಿಯದವನು "ಅಳಿಸಿದರೂ ಜಾಗವಾಗಲಿಲ್ಲ" ಎಂದು ಮತ್ತೊಂದು ಕಡತವನ್ನು, ಮಗದೊಂದು ಕಡತವನ್ನು ಅಳಿಸುತ್ತ ಹೋಗುತ್ತಾನೆ. ಅನರ್ಥವಾಗುವುದು ಅಲ್ಲಿಯೇ. ಮೂಲ ವ್ಯಾಧಿಗಿಂತ ಆತುರದ ಚಿಕಿತ್ಸೆಯೇ ಹೆಚ್ಚು ಹಾನಿ ಮಾಡುತ್ತದೆಂಬುದಕ್ಕೆ, ಜಗತ್ತಿನ ಕಣ್ಣೆದುರಿಗೇ ನಡೆದ ಒಂದು ಪ್ರಸಂಗವುಂಟು.

ತಂತ್ರಾಂಶ ಬರೆಯುವವರ ಕಡತಗಳನ್ನು ಕಾಪಾಡುವ ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ ೨೦೧೭ರ ಜನವರಿ ೩೧ರಂದು ದತ್ತಾಂಶದ ಸರ್ವರಿನ ಮೇಲೆ ಹೊರೆ ಹೆಚ್ಚಿತ್ತು. ಮುಖ್ಯ ಸರ್ವರಿನ ಪಡಿನೆರಳಾಗಿ ನಡೆಯಬೇಕಾದ ಎರಡನೆಯ ಸರ್ವರು ಹಿಂದೆ ಬಿದ್ದಿತು. ರಾತ್ರಿ ಹೊತ್ತು ಮೀರಿ ದುಡಿಯುತ್ತಿದ್ದ ಇಂಜಿನಿಯರರೊಬ್ಬರು ಎರಡನೆಯದನ್ನು ಬರಿದು ಮಾಡಿ ಹೊಸದಾಗಿ ತುಂಬಿಸಲು ನಿಶ್ಚಯಿಸಿ, ಅಳಿಸುವ ಆಜ್ಞೆಯನ್ನು ಕೊಟ್ಟರು. ಎರಡೂ ಸರ್ವರುಗಳ ಹೆಸರಿನಲ್ಲಿದ್ದುದು ಒಂದಂಕೆಯ ವ್ಯತ್ಯಾಸ. ಆಜ್ಞೆಯು ತಲಪಿದ್ದು ಮುಖ್ಯ ಸರ್ವರಿಗೆ. ಒಂದೆರಡು ಕ್ಷಣಗಳಲ್ಲಿ ಎಚ್ಚೆತ್ತು ತಡೆಯುವಷ್ಟರಲ್ಲಿ ಸುಮಾರು ೩೦೦ ಗಿಗಾಬೈಟುಗಳಲ್ಲಿ ಉಳಿದಿದ್ದುದು ಸುಮಾರು ೪.೫ ಮಾತ್ರ.

ಆ ಮೇಲೆ ಹೊರಬಿದ್ದ ಸಂಗತಿ ಇನ್ನೂ ಗಂಭೀರವಾದುದು. ಸಂಸ್ಥೆಯಲ್ಲಿ ಪ್ರತಿಗಳನ್ನು ತೆಗೆದಿಡುವ ಏರ್ಪಾಡು ಒಂದಲ್ಲ, ಹಲವು ಇದ್ದವು. ನಿತ್ಯವೂ ಪ್ರತಿ ತೆಗೆಯಬೇಕಾದ ಕಾರ್ಯಕ್ರಮವು ದತ್ತಾಂಶದ ತಂತ್ರಾಂಶಕ್ಕಿಂತ ಹಳೆಯ ಆವೃತ್ತಿಯದಾಗಿದ್ದುದರಿಂದ ವಿಫಲವಾಗುತ್ತಲೇ ಇತ್ತು; ಪ್ರತಿಗಳಿರಬೇಕಾದ ಉಗ್ರಾಣವು ಬರಿದಾಗಿತ್ತು. ವೈಫಲ್ಯವನ್ನು ತಿಳಿಸುವ ಅಂಚೆಗಳು ಹೋಗುತ್ತಿದ್ದುವಾದರೂ, ಅವುಗಳಲ್ಲಿ ಸರಿಯಾದ ಸಹಿಯ ಗುರುತಿಲ್ಲವೆಂದು ಅಂಚೆಯ ಸರ್ವರು ತಿರಸ್ಕರಿಸುತ್ತಿತ್ತು. ಡಿಸ್ಕಿನ ಚಿತ್ರವನ್ನು ಹಿಡಿದಿಡುವ ಇನ್ನೊಂದು ಸೌಕರ್ಯವನ್ನು ದತ್ತಾಂಶದ ಸರ್ವರುಗಳಿಗೆ ಅನ್ವಯಿಸಿಯೇ ಇರಲಿಲ್ಲ. ಕಡೆಗೆ ಸಂಸ್ಥೆಯನ್ನು ಕಾಪಾಡಿದ್ದು, ಸುಮಾರು ಆರು ಗಂಟೆಗಳ ಮೊದಲು ಅದೇ ಇಂಜಿನಿಯರರು ಬೇರೊಂದು ಪರೀಕ್ಷೆಗೆಂದು ಕೈಯಾರೆ ತೆಗೆದಿಟ್ಟಿದ್ದ ಒಂದು ಪ್ರತಿ. ಅದರಿಂದ ಎಲ್ಲವನ್ನೂ ಪುನಃ ಕಟ್ಟಲು ಸುಮಾರು ೧೮ ಗಂಟೆ ಹಿಡಿಯಿತು. ನಡುವಿನ ಆರು ಗಂಟೆಗಳ ದಾಖಲೆಗಳು, ಸಂಸ್ಥೆಯ ಅಂದಾಜಿನಂತೆ ಐದು ಸಾವಿರ ಯೋಜನೆಗಳು, ಐದು ಸಾವಿರ ಟಿಪ್ಪಣಿಗಳು, ಏಳುನೂರು ಬಳಕೆದಾರರ ಖಾತೆಗಳು ಹೋದುವು. ಸಂಸ್ಥೆಯು ಈ ವೃತ್ತಾಂತವನ್ನು ಮರೆಮಾಚದೆ ಸವಿವರವಾಗಿ ಪ್ರಕಟಿಸಿತೆಂಬುದನ್ನು ಮೆಚ್ಚಲೇಬೇಕು. ಪ್ರಕಟಿಸದೆ ಇದ್ದಿದ್ದರೆ ಉಳಿದವರು ಅದರಿಂದ ಕಲಿಯುವ ಬಗೆ ಇರಲಿಲ್ಲ.

ಈ ವೃತ್ತಿಯಲ್ಲಿ ಬರೆದಿಡುವ ಅಭ್ಯಾಸ ಹಳೆಯದು. ೧೯೪೭ರ ಸೆಪ್ಟೆಂಬರ್ ೯ರಂದು ಹಾರ್ವರ್ಡಿನ ಮಾರ್ಕ್ ೨ ಎಂಬ ಯಂತ್ರದ ಸ್ವಿಚ್ಚಿನಲ್ಲಿ ಸಿಕ್ಕಿಕೊಂಡಿದ್ದ ಪತಂಗವೊಂದನ್ನು ಕೆಲಸಗಾರರು ತೆಗೆದು, ಹೊತ್ತು ಬರೆದು, ದಿನಚರಿ ಪುಸ್ತಕಕ್ಕೆ ಅಂಟಿಸಿದರು. ದೋಷಕ್ಕೆ ಹುಳುವೆಂಬ ಹೆಸರು ಅಂದಿಗೇ ಹಳೆಯದಾಗಿದ್ದುದರಿಂದ ಅವರಿಗೆ ಅದೊಂದು ವಿನೋದ. ಪತಂಗದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅಲ್ಲೊಂದು ದಿನಚರಿ ಪುಸ್ತಕವಿತ್ತೆಂಬುದನ್ನು ಯಾರೂ ಗಮನಿಸುವುದಿಲ್ಲ. ಶಾಲೆಯ ಪ್ರಯೋಗಶಾಲೆಗೆ ಬೇಕಾದುದು ನೂರು ಪುಟದ ಇಂಥದೊಂದು ಪುಸ್ತಕ: ಯಾವ ಯಂತ್ರ, ಯಾವ ದಿನ, ಏನು ಕಂಡಿತು, ಏನು ಮಾಡಲಾಯಿತು, ಮಾಡಿದವರಾರು. ಮೂರು ತಿಂಗಳ ಬರಹವಾಗುವಷ್ಟರಲ್ಲಿ ಪದೇಪದೇ ಕೆಡುವ ಯಂತ್ರ ಯಾವುದೆಂಬುದು ತಾನಾಗಿ ಕಾಣುತ್ತದೆ.

ಗಣಕಯಂತ್ರಗಳನ್ನು ದಾನವಾಗಿ ಕೊಡುವವರ ಔದಾರ್ಯ ದೊಡ್ಡದು. ಯಂತ್ರಗಳ ಸಂಖ್ಯೆ ಫಲಕದ ಮೇಲೆ ಶೋಭಿಸುತ್ತದೆ. ಮೂರರಿಂದ ಐದು ವರ್ಷಗಳಿಗೊಮ್ಮೆ ಬದಲಿಸಬೇಕಾದ ಯು.ಪಿ.ಎಸ್. ಬ್ಯಾಟರಿ ಯಾರ ಫಲಕದಲ್ಲಿಯೂ ಸೇರುವುದಿಲ್ಲ, ಪ್ರತಿಗಳಿಗೆ ಬೇಕಾದ ಎರಡು ಹೊರ ಡಿಸ್ಕುಗಳೂ ಸೇರುವುದಿಲ್ಲ. ಆದರೆ ಪ್ರವೇಶದ ದಾಖಲೆ, ಅಂಕಪಟ್ಟಿ, ವರ್ಗಾವಣೆ ಪತ್ರಗಳ ವಿವರ ಉಳಿಯುವುದು ಇವುಗಳಿಂದಲೇ. ಇಪ್ಪತ್ತು ವರ್ಷಗಳ ಹಿಂದೆ ಓದು ಬಿಟ್ಟವನೊಬ್ಬ ಜನ್ಮದಿನಾಂಕದ ದೃಢೀಕರಣಕ್ಕೆಂದು ಶಾಲೆಯ ಬಾಗಿಲಿಗೆ ಬಂದಾಗ ಅವನ ಪಿಂಚಣಿಯೇ ಆ ಒಂದು ಸಾಲಿನ ಮೇಲೆ ನಿಂತಿರಬಹುದು. ಡಿಸ್ಕುಗಳಲ್ಲೊಂದು ಕಚೇರಿಯಲ್ಲಿಯೂ ಇನ್ನೊಂದು ಬೇರೆ ಕಟ್ಟಡದಲ್ಲಿಯೂ ಇರತಕ್ಕದ್ದು. ಎರಡೂ ಒಂದೇ ಬೀರುವಿನಲ್ಲಿದ್ದರೆ ಬೆಂಕಿಗೂ ನೀರಿಗೂ ಅವು ಒಂದೇ. ಪ್ರತಿ ಅವಧಿಯ ಕೊನೆಯಲ್ಲಿ ಒಂದು ಮಧ್ಯಾಹ್ನ, ಆ ಡಿಸ್ಕಿನಿಂದ ಯಾವುದಾದರೊಂದು ವರ್ಷದ ಅಂಕಪಟ್ಟಿಯನ್ನು ಬೇರೊಂದು ಯಂತ್ರಕ್ಕೆ ಇಳಿಸಿ, ಹತ್ತು ಹೆಸರುಗಳನ್ನು ಕಾಗದದ ದಾಖಲೆಯೊಡನೆ ಇಬ್ಬರು ಶಿಕ್ಷಕರು ತಾಳೆ ನೋಡಿ, ದಿನಚರಿ ಪುಸ್ತಕದಲ್ಲಿ ಸಹಿ ಹಾಕುವುದು ಯುಕ್ತ.